ಹಳೇ ಜೀಪಿನ ತುಕ್ಕಿಗೆ ಯಾವ ಮದ್ದು?

ಜೂನ್ ತಿಂಗಳ ಬೆಳಿಗ್ಗೆ ವಯನಾಡಿನ ಲಕ್ಕಿಡಿಯಲ್ಲಿ ನಿಂತರೆ ಮಳೆ ಎಲ್ಲಿಗೆ ಮುಗಿಯಿತು, ಮಂಜು ಎಲ್ಲಿಂದ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವು ಹತ್ತಿ ಬಂದ ಗಾಡಿಗಳು ಸುಧಾರಿಸಿಕೊಳ್ಳುವ ಜಾಗ ಅದು. ಟಾರ್ಪಾಲು ಹೊದ್ದ ಜೀಪು, ಕಾಫಿ ಚೀಲ ತುಂಬಿದ ಓಮ್ನಿ, ತೋಟದ ಓಡಾಟಕ್ಕೆಂದೇ ಉಳಿಸಿಕೊಂಡ ಅಂಬಾಸಡರ್, ಎಲ್ಲದರ ಮೈಯೂ ಒದ್ದೆ. ಬಾಗಿಲಿನ ಕೆಳಅಂಚಿನಿಂದ ಹನಿ ತೊಟ್ಟಿಕ್ಕುತ್ತಿರುತ್ತದೆ. ಹನಿ ಇಳಿದ ದಾರಿಯಲ್ಲಿ ಬಿಳಿ ಬಣ್ಣದ ಮೇಲೆ ಕಾಫಿ ಡಿಕಾಕ್ಷನ್ನಿನಂಥ ಒಂದು ಕಂದು ಗೆರೆ.

ಆ ಗೆರೆ ಕಂಡವರು ಹಾರ್ಡ್‌ವೇರ್ ಅಂಗಡಿಗೆ ಹೋಗಿ "ತುಕ್ಕಿಗೆ ಏನಾದರೂ ಕೊಡಿ" ಎನ್ನುತ್ತಾರೆ. ಅಂಗಡಿಯಲ್ಲಿ ಸಿಗುವುದು ಒಂದು ಸಲ ಸ್ಪ್ರೇ ಡಬ್ಬಿ, ಇನ್ನೊಂದು ಸಲ ರೆಡ್ ಆಕ್ಸೈಡ್, ಮತ್ತೊಂದು ಸಲ ಆಸಿಡ್ ಬಾಟಲಿ. ಬಳಿದು ಮುಗಿಸಿ ಸಮಾಧಾನಪಟ್ಟರೆ ಮುಂದಿನ ಮಳೆಗಾಲಕ್ಕೆ ಗೆರೆ ಅಲ್ಲೇ, ಇನ್ನೂ ಸ್ವಲ್ಪ ಅಗಲವಾಗಿ. ತಪ್ಪು ಎಷ್ಟೋ ಸಲ ಡಬ್ಬಿಯದಾಗಿರುವುದಿಲ್ಲ. ನೀರು ತಳ್ಳಲು ಮಾಡಿದ್ದನ್ನು ತುಕ್ಕು ತೆಗೆಯಲು, ತುಕ್ಕು ತೆಗೆಯಲು ಮಾಡಿದ್ದನ್ನು ಬಣ್ಣದ ಅಡಿಗೆ ಬಳಸಿರುತ್ತೇವೆ. ತುಕ್ಕು ಯಾವ ಹಂತದಲ್ಲಿದೆ, ಅದರ ಮೇಲೆ ಏನು ಬಳಿಯಲಿದ್ದೇವೆ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕ ಮೇಲಷ್ಟೇ ಯಾವ ಡಬ್ಬಿ ಎಂಬ ಮಾತು.

ಉಪ್ಪಿಲ್ಲದ ಊರಿನ ತುಕ್ಕು

ಕಬ್ಬಿಣ ಮಣ್ಣಿನಲ್ಲಿದ್ದಾಗ ಆಮ್ಲಜನಕದ ಜೊತೆಗೇ ಇತ್ತು. ಕುಲುಮೆಯಲ್ಲಿ ಬಲವಂತವಾಗಿ ಬೇರೆ ಮಾಡಿ ಹಾಳೆ ಮಾಡಿದ್ದೇವೆ. ನೀರು ಸಿಕ್ಕ ಕೂಡಲೇ ಅದು ಮತ್ತೆ ಆಮ್ಲಜನಕವನ್ನು ಕೂಡಿಕೊಳ್ಳುತ್ತದೆ. ಹೀಗೆ ಹುಟ್ಟುವ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಬಣ್ಣ ಗುಳ್ಳೆಯೆದ್ದು ಚಕ್ಕೆ ಚಕ್ಕೆಯಾಗಿ ಕಳಚುವುದು ಒಳಗಿಂದ ಬರುವ ಈ ಒತ್ತಡಕ್ಕೆ.

ಕೋಳಿಕ್ಕೋಡು, ಮಂಗಳೂರಿನ ಗಾಡಿಗಳಿಗೆ ಕಡಲ ಉಪ್ಪಿನ ಕಾಟ. ಉಪ್ಪು ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದರಿಂದ ತುಕ್ಕಿನ ಕೆಲಸಕ್ಕೂ ವೇಗ. ವಯನಾಡಿಗೆ ಕಡಲಿಲ್ಲ. ಅಲ್ಲಿಯ ಹಾವಳಿ ಬೇರೆ ತರಹದ್ದು: ಲೋಹ ಒದ್ದೆಯಾಗಿರುವ ಹೊತ್ತು ಬಲು ಉದ್ದ. ಗಾಳಿಯ ತೇವ ಶೇ 60ರ ಆಸುಪಾಸು ದಾಟಿದರೆ ಕಣ್ಣಿಗೆ ಕಾಣದ ನೀರಿನ ಪೊರೆ ಕಬ್ಬಿಣದ ಮೇಲೆ ಕೂರುತ್ತದೆ, ತುಕ್ಕಿಗೆ ಅಷ್ಟೇ ಸಾಕು. ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿರುವ ಈ ಪ್ರಸ್ಥಭೂಮಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ತೇವ ಅದಕ್ಕಿಂತ ಕೆಳಗಿಳಿಯುವ ಗಂಟೆಗಳು ಸಿಗುವುದೇ ಕಷ್ಟ. ಅಕ್ಟೋಬರಿನಲ್ಲಿ ಹಿಂಗಾರು. ಅದು ಮುಗಿದರೆ ಇಬ್ಬನಿ. ಬಿಸಿಲೇರುವವರೆಗೂ ಬಾನೆಟ್ಟಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು.

ಇದರ ಜೊತೆಗೆ ಕೆಂಪು ಮಣ್ಣು. ಮಡ್‌ಗಾರ್ಡಿನ ಒಳಮಡಿಕೆಯಲ್ಲಿ ಕೂತ ಕೆಸರು ಒದ್ದೆ ಗೋಣಿಚೀಲದಂತೆ ದಿನಗಟ್ಟಲೆ ಪಸೆ ಹಿಡಿದಿಡುತ್ತದೆ. ಸಿಲ್ವರ್ ಓಕ್ ನೆರಳಲ್ಲಿ ನಿಲ್ಲಿಸಿದ ಗಾಡಿಯಾದರೆ ವೈಪರ್ ಕೆಳಗಿನ ಜಾಲರಿಯೊಳಗೆ ಎಲೆಯೂ ಕೊಳೆಯುತ್ತಿರುತ್ತದೆ.

ಘಾಟಿಯ ಕೆಳಗಿನಿಂದ ಸೆಕೆಂಡ್ ಹ್ಯಾಂಡ್ ಗಾಡಿ ತರುವವರು ಒಂದು ವಿಷಯ ನೆನಪಿಡಬೇಕು. ಕಡಲ ತೀರದಲ್ಲಿ ಹತ್ತು ವರ್ಷ ಓಡಿದ ಕಾರಿನ ಬೆಸುಗೆಯ ಸಂದುಗಳಲ್ಲಿ ಉಪ್ಪು ಕೂತಿರುತ್ತದೆ. ಅದನ್ನು ಬೆಟ್ಟಕ್ಕೆ ತಂದರೆ ಉಪ್ಪೂ ತೇವವೂ ಒಟ್ಟಾಗುತ್ತವೆ. ತಂದ ಮೊದಲ ವಾರವೇ ಅಡಿಭಾಗವನ್ನು ಸಿಹಿನೀರಿನಲ್ಲಿ ಎರಡು ಮೂರು ಸಲ ಚೆನ್ನಾಗಿ ತೊಳೆಸಿ, ಬಿಸಿಲಲ್ಲಿ ಒಣಗಿಸಿದ ಮೇಲೆಯೇ ಉಳಿದ ಕೆಲಸ.

ಉಗುರು, ಚಾಕು, ಸುತ್ತಿಗೆ

ಮಾನಂದವಾಡಿ ಕಡೆಯ ಚಿಕ್ಕಪ್ಪನ ಮನೆಯಲ್ಲಿ ಒಂದು ಮಹೀಂದ್ರ ಜೀಪಿದೆ. ಕರಿಮೆಣಸು, ಅಡಿಕೆ, ಶುಂಠಿ, ಮನೆಯ ಮದುವೆ ಎಲ್ಲವನ್ನೂ ಹೊತ್ತ ಗಾಡಿ. ಅದರ ಎಡಬಾಗಿಲ ಕೆಳಗೆ ಎರಡು ರೂಪಾಯಿ ನಾಣ್ಯದಷ್ಟು ಗುಳ್ಳೆ ಕಂಡಿತ್ತು. ನಾನು ಹುರುಪಿನಲ್ಲಿ ಡಬ್ಬಿ ತೆರೆಯಲು ಹೋದಾಗ ಚಿಕ್ಕಪ್ಪ ತಡೆದರು. "ಮೊದಲು ಕೆರೆದು ನೋಡೋ, ಎಷ್ಟು ಆಳ ಇದೆ ಅಂತ ಗೊತ್ತಾಗಬೇಡವಾ?"

ಉಗುರಿನಿಂದ ಕೆರೆದಾಗ ಬಣ್ಣ ಬಂತು. 80ನೇ ನಂಬರಿನ ಉಪ್ಪು ಕಾಗದದಲ್ಲಿ ಉಜ್ಜಿದಾಗ ಕಂದು ಪುಡಿ ಹೋಗಿ ಹೊಳೆಯುವ ಲೋಹ ಕಂಡಿತು. ಆದರೆ ಆ ಹೊಳಪಿನ ನಡುವೆ ಸಾಸಿವೆ ಕಾಳಿಗಿಂತ ಸಣ್ಣ ಕಪ್ಪು ಚುಕ್ಕೆಗಳು ಹಾಗೇ ಉಳಿದವು, ಎಷ್ಟು ಉಜ್ಜಿದರೂ ಹೋಗಲಿಲ್ಲ. ತುಕ್ಕು ಲೋಹದೊಳಗೆ ಗುಂಡಿ ತೋಡಿ ಕೂತ ಜಾಗಗಳವು. ಅವುಗಳನ್ನು ಹಾಗೇ ಬಿಟ್ಟು ಬಣ್ಣ ಹೊಡೆದರೆ ಗುಳ್ಳೆ ಮತ್ತೆ ಏಳುವುದು ಆ ಚುಕ್ಕೆಗಳಿಂದಲೇ.

ಹಂತ ತಿಳಿಯಲು ಇದಕ್ಕಿಂತ ದೊಡ್ಡ ಪರೀಕ್ಷೆ ಬೇಡ. ಉಜ್ಜಿದಾಗ ಪೂರ್ತಿ ಹೊಳಪು ಬಂದರೆ ಅದು ಬರೀ ಮೇಲ್ತುಕ್ಕು. ಚುಕ್ಕೆ ಉಳಿದರೆ ಗುಂಡಿ ಬಿದ್ದಿದೆ. ಚಾಕುವಿನ ಮೊನೆ ಒತ್ತಿದಾಗ ಒಳಗೆ ಇಳಿದರೆ, ಅಥವಾ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಠಣ್ ಎನ್ನದೆ ಡಬ್ ಎಂದರೆ ಹಾಳೆ ಮುಗಿದಿದೆ. ಅಲ್ಲಿಗೆ ಯಾವ ಡಬ್ಬಿಯೂ ಮದ್ದಲ್ಲ, ಟಿಂಕರಿಂಗ್‌ನವರು ಕತ್ತರಿಸಿ ಹೊಸ ತುಂಡು ಬೆಸೆಯಬೇಕು. ಚಾಸಿ, ಸ್ಪ್ರಿಂಗ್ ಕೂರುವ ಜಾಗ, ಸೀಟ್ ಬೆಲ್ಟ್ ಬಿಗಿದ ಜಾಗ, ಬ್ರೇಕ್ ಪೈಪು ಇವುಗಳ ತುಕ್ಕನ್ನಂತೂ ಮನೆಯಲ್ಲಿ ಬಳಿದು ಮುಚ್ಚಲೇಬಾರದು. ಜೀವದ ಪ್ರಶ್ನೆ ಅದು.

ಅಡಿಕೆ ಚೊಗರು ತಿಳಿದವರಿಗೆ ಹೊಸದಲ್ಲ

ಕಪ್ಪು ಚುಕ್ಕೆ ಉಳಿದ ಜಾಗಕ್ಕೆಂದೇ ಬಂದಿರುವುದು ರಸ್ಟ್ ಕನ್ವರ್ಟರ್. ತುಕ್ಕನ್ನು ತೆಗೆಯುವುದು ಇದರ ಕೆಲಸವಲ್ಲ. ಇದು ಉಳಿದ ತುಕ್ಕನ್ನೇ ಬೇರೊಂದು ಗಟ್ಟಿ ವಸ್ತುವಾಗಿ ಬದಲಿಸುತ್ತದೆ. ಇದರ ಜೀವಾಳ ಟ್ಯಾನಿಕ್ ಆಮ್ಲ. ಹೆಸರು ಪ್ರಯೋಗಾಲಯದ್ದಾದರೂ ವಸ್ತು ನಮಗೆ ಹಳೆಯ ಪರಿಚಯ: ಚಹಾದ, ಅಣಲೆಕಾಯಿಯ, ಎಳೆ ಅಡಿಕೆಯ ಒಗರು ಟ್ಯಾನಿನ್‌ನದೇ.

ಹಸಿ ಅಡಿಕೆ ಸುಲಿದ ಮೆಟ್ಟುಗತ್ತಿ ಕಪ್ಪಾಗುವುದನ್ನು ಮಲೆನಾಡಿನವರು ದಿನವೂ ನೋಡುತ್ತಾರೆ. ಅಡಿಕೆ ಬೇಯಿಸಿದ ಚೊಗರು ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಬೇಯಿಸಿದರೆ ಕಪ್ಪಾಗುವುದೂ ಇದೇ ನಂಟಿನಿಂದ. ಕಬ್ಬಿಣವೂ ಒಗರೂ ಕೂಡಿದರೆ ನೀರಿನಲ್ಲಿ ಕರಗದ ಕಡುನೀಲಿ ಕಪ್ಪು ವಸ್ತು ಹುಟ್ಟುತ್ತದೆ. ಅಣಲೆಕಾಯಿಗೆ ಅನ್ನಭೇದಿ ಸೇರಿಸಿ ನಮ್ಮ ಹಿರಿಯರು ಬರೆಯುವ ಮಸಿ ಮಾಡಿಕೊಳ್ಳುತ್ತಿದ್ದರು. ಅದೇ ಮಸಿ ಇಂದು ಬಾಗಿಲಿನ ಮೇಲೆ ಮೂಡುತ್ತದೆ, ವ್ಯತ್ಯಾಸವೆಂದರೆ ಕನ್ವರ್ಟರ್‌ನಲ್ಲಿ ಅದರ ಜೊತೆಗೆ ಅಂಟಿನಂಥ ಪಾಲಿಮರ್ ಇರುತ್ತದೆ. ಒಣಗಿದಾಗ ಅದು ಪೊರೆ ಕಟ್ಟುತ್ತದೆ.

ನೋಡಲು ಸೊಗಸಾದ ಕೆಲಸ. ಹಾಲಿನಂಥ ದ್ರವವನ್ನು ಬ್ರಷ್‌ನಲ್ಲಿ ತೆಳ್ಳಗೆ ಹಚ್ಚಿದೆವು. ಮೊದಲು ಏನೂ ಆಗಲಿಲ್ಲ. ಒಂದೆರಡು ನಿಮಿಷಕ್ಕೆ ಚುಕ್ಕೆಗಳ ಸುತ್ತ ನೇರಳೆ ಬಣ್ಣ ಹರಡಿತು. ಚಹಾ ಕುಡಿದು ಬರುವಷ್ಟರಲ್ಲಿ ಚುಕ್ಕೆಗಳಿದ್ದ ಜಾಗ ಹಲಗೆಯಂತೆ ಕಪ್ಪು. ಹೊಳೆಯುವ ಲೋಹವಿದ್ದ ಜಾಗ ಮಾತ್ರ ಬಣ್ಣ ತಿರುಗದೆ ಮಬ್ಬಾಗಿ ಉಳಿಯಿತು, ಅಲ್ಲಿ ಕನ್ವರ್ಟರ್‌ಗೆ ಹಿಡಿದುಕೊಳ್ಳಲು ತುಕ್ಕೇ ಇರಲಿಲ್ಲ.

ಡಬ್ಬಿಯ ಮೇಲೆ ಎದ್ದು ಕಾಣದ ಮಾತು ಇದು. ಕನ್ವರ್ಟರ್‌ಗೆ ತುಕ್ಕು ಬೇಕು, ಆದರೆ ತೆಳುವಾಗಿ ಬೇಕು. ದಪ್ಪ ಚಕ್ಕೆಯ ಮೇಲೆ ಹಚ್ಚಿದರೆ ಮೇಲಿನ ಪದರ ಮಾತ್ರ ಕಪ್ಪಾಗಿ, ಅಡಿಯಲ್ಲಿ ತುಕ್ಕು ಸುಖವಾಗಿರುತ್ತದೆ. ತಂತಿ ಬ್ರಷ್‌ನಲ್ಲಿ ಸಡಿಲವಾದದ್ದನ್ನೆಲ್ಲ ಉದುರಿಸಿ, ಥಿನ್ನರ್‌ನಲ್ಲಿ ಜಿಡ್ಡು ಒರೆಸಿ, ಒಣಗಿಸಿದ ಮೇಲೆ ಹಚ್ಚಬೇಕು. ಬ್ರಷ್ಷನ್ನು ಬಾಟಲಿಯೊಳಗೆ ಅದ್ದಿದರೆ ಅದರಲ್ಲಿದ್ದ ತುಕ್ಕಿನ ಪುಡಿಗೇ ಇಡೀ ಬಾಟಲಿ ಕೆಡುತ್ತದೆ. ಬೇಕಾದಷ್ಟನ್ನು ಬಟ್ಟಲಿಗೆ ಸುರಿದುಕೊಳ್ಳಿ. ಕಪ್ಪಾದ ಪೊರೆಯೇ ಬಣ್ಣವಲ್ಲ, ಅದನ್ನು ಹಾಗೇ ಮಳೆಗೆ ಬಿಟ್ಟರೆ ಉಳಿಯದು.

ಆಮ್ಲಗಳಲ್ಲಿ ಒಳ್ಳೆಯದು, ಕೆಟ್ಟದ್ದು

ತುಕ್ಕನ್ನು ಕರಗಿಸುವ ಆಮ್ಲಗಳಲ್ಲಿ ಗಾಡಿಗೆ ಹೊಂದುವುದು ಫಾಸ್ಫಾರಿಕ್ ಆಮ್ಲ. ಅದು ತುಕ್ಕು ಕರಗಿಸುತ್ತಲೇ ಲೋಹದ ಮೇಲೆ ಬೂದುಬಣ್ಣದ ಕಬ್ಬಿಣದ ಫಾಸ್ಫೇಟ್ ಪೊರೆ ಬಿಡುತ್ತದೆ. ಬಣ್ಣ ಆ ಪೊರೆಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ.

ದೆಹಲಿಯ ಕುತುಬ್ ಆವರಣದ ಕಬ್ಬಿಣದ ಕಂಬ ಸುಮಾರು 1,600 ವರ್ಷ ಬಯಲಲ್ಲಿ ನಿಂತು ಉಳಿದಿರುವ ಗುಟ್ಟಿನಲ್ಲೂ ರಂಜಕದ, ಅಂದರೆ ಫಾಸ್ಫರಸ್ಸಿನ, ಪಾಲಿದೆ. ಐಐಟಿ ಕಾನ್ಪುರದ ಲೋಹವಿಜ್ಞಾನಿ ಆರ್. ಬಾಲಸುಬ್ರಮಣ್ಯಂ ಇದನ್ನು ವಿವರಿಸಿದರು. ಹಳೆಯ ಕುಲುಮೆಯ ಕಬ್ಬಿಣದಲ್ಲಿ ರಂಜಕ ಹೆಚ್ಚಿತ್ತು, ಅದು ಕಾಲಕ್ರಮದಲ್ಲಿ ಮೇಲ್ಮೈಯಲ್ಲಿ ಫಾಸ್ಫೇಟಿನ ಕಾಪು ಕಟ್ಟಿತು. ದೆಹಲಿಯದು ಒಣ ಹವೆ ಎನ್ನುವವರು ನಮ್ಮ ಕೊಡಚಾದ್ರಿಗೆ ಹೋಗಿ ಬರಬೇಕು. ಅಲ್ಲಿಯ ಮೂಲ ಮೂಕಾಂಬಿಕೆಯ ಗುಡಿಯ ಬಳಿ ಘಟ್ಟದ ಮಳೆಗೆ ಮೈಯೊಡ್ಡಿ ಒಂದು ಕಬ್ಬಿಣದ ಕಂಬ ನಿಂತಿದೆ. ಹಳಬರು ಬಡಿದು ಮಾಡಿದ ಕಬ್ಬಿಣದ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ಕಂಬದ ಮುಂದೆ ನಿಂತಾಗ. ನಮ್ಮ ಕಾರಿನ ತೆಳು ಹಾಳೆಗೆ ಆ ಭಾಗ್ಯವಿಲ್ಲ. ಫಾಸ್ಫೇಟನ್ನು ಹೊರಗಿನಿಂದ ಹಚ್ಚಬೇಕು.

ಹಚ್ಚಿದ ಆಮ್ಲ ಮೇಲೆ ಅಂಟಂಟಾಗಿ ಉಳಿಯಬಾರದು. ಉಳಿದ ಆಮ್ಲದ ಮೇಲೆ ಬಣ್ಣ ಹೊಡೆದರೆ ಗುಳ್ಳೆ ಖಚಿತ. ಡಬ್ಬಿಯಲ್ಲಿ ಹೇಳಿದಂತೆ ತೊಳೆದು ಅಥವಾ ಒರೆಸಿ, ಕೂಡಲೇ ಒಣಗಿಸಬೇಕು. ವಯನಾಡಿನ ತೇವದಲ್ಲಿ ತೊಳೆದ ಬರಿ ಲೋಹದ ಮೇಲೆ ನಿಮಿಷಗಳಲ್ಲೇ ಹೊಸ ಕೆಂಪು ಮೂಡುತ್ತದೆ. ಹತ್ತಿರದಲ್ಲೇ ಹೇರ್ ಡ್ರೈಯರ್ ಇಟ್ಟುಕೊಳ್ಳುವುದು ಜಾಣತನ.

ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಬೇಡವೇ ಬೇಡ. ಅದು ಹೈಡ್ರೋಕ್ಲೋರಿಕ್ ಆಮ್ಲ. ತುಕ್ಕನ್ನು ಕ್ಷಣದಲ್ಲಿ ತಿನ್ನುತ್ತದೆ ನಿಜ, ಆದರೆ ಸಂದಿಯಲ್ಲಿ ಕ್ಲೋರೈಡ್ ಬಿಟ್ಟು ಹೋಗುತ್ತದೆ. ಕಡಲಿಲ್ಲದ ಊರಿನಲ್ಲಿ ನಾವೇ ಕಡಲ ಉಪ್ಪು ತಂದು ತುಂಬಿದಂತೆ. ವರ್ಷಗಳ ಹಿಂದೆ ನನ್ನ ಮಾರುತಿ 800ರ ಡಿಕ್ಕಿಯ ಅಂಚಿಗೆ ನಾನೇ ಇದನ್ನು ಹಚ್ಚಿದ್ದೆ. ಸಂಜೆಗೆ ಬೆಳ್ಳಿಯಂತೆ ಕಂಡಿತು. ಎರಡನೇ ಮಳೆಗಾಲಕ್ಕೆ ಆ ಅಂಚಿನಲ್ಲಿ ಬೆರಳು ತೂರಿತು.

ಬಿಚ್ಚಿ ತೆಗೆಯಬಹುದಾದ ಕೀಲು, ಬೋಲ್ಟು, ಚಿಲಕಗಳಿಗೆ ದಿನಸಿ ಅಂಗಡಿಯ ನಿಂಬೆ ಉಪ್ಪು ಸಾಕು. ಒಂದು ಲೀಟರ್ ನೀರಿಗೆ ಸುಮಾರು 50 ಗ್ರಾಂ ಹಾಕಿ ಕೆಲವು ಗಂಟೆ ನೆನೆಸಿ, ಉಜ್ಜಿ, ಅಡುಗೆ ಸೋಡಾ ನೀರಿನಲ್ಲಿ ಅದ್ದಿ ತೊಳೆದು ಒಣಗಿಸಿದರಾಯಿತು. ಯಾವ ಆಮ್ಲವಾದರೂ ಕೈಗವಸು, ಕನ್ನಡಕ ಕಡ್ಡಾಯ.

ನೀಲಿ ಡಬ್ಬಿ, ಕೆಂಪು ಡಬ್ಬಿ

ಡಬ್ಲ್ಯುಡಿ-40 ಇಲ್ಲದ ಗ್ಯಾರೇಜು ಸಿಗುವುದು ಅಪರೂಪ. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ 1953ರಲ್ಲಿ ಹುಟ್ಟಿದ ಈ ದ್ರವದ ಹೆಸರಿನಲ್ಲೇ ಅದರ ಕಸುಬು ಇದೆ: ನೀರನ್ನು ಪಕ್ಕಕ್ಕೆ ತಳ್ಳುವುದು, ಅದೂ 40ನೇ ಪ್ರಯತ್ನದಲ್ಲಿ ಕೈಗೂಡಿದ್ದು. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಬಾರದಂತೆ ಬಳಸುತ್ತಿದ್ದರು. ಕಚ್ಚಿಕೊಂಡ ಬೋಲ್ಟು ಬಿಡಿಸಲು ಇದು ಒಳ್ಳೆಯದೇ. ಬಂದ ತುಕ್ಕಿಗೆ ಇದು ಮದ್ದಲ್ಲ, ಇದರ ತೆಳು ಪೊರೆ ಒಂದು ಜಡಿಮಳೆಗೆ ತಡೆಯುವುದೂ ಇಲ್ಲ. ಬಣ್ಣ ಹೊಡೆಯುವ ಜಾಗಕ್ಕೆ ಸಿಂಪಡಿಸಿದರೆ ಜಿಡ್ಡು ತೆಗೆಯುವುದೇ ಇನ್ನೊಂದು ಕೆಲಸವಾಗುತ್ತದೆ.

ರೆಡ್ ಆಕ್ಸೈಡ್ ಬಗ್ಗೆ ನಮ್ಮಲ್ಲಿ ಇನ್ನೂ ದೊಡ್ಡ ನಂಬಿಕೆಯಿದೆ. ಕಿಟಕಿ ಸರಳಿಗೂ ಅದೇ, ಜೀಪಿಗೂ ಅದೇ. ಅದರ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು, ಅಂದರೆ ತುಕ್ಕಿನ ದಾಯಾದಿಯದೇ. ಕಾಪಾಡುವ ಗುಣವಿರುವುದು ಆ ಪುಡಿಯನ್ನು ಹಿಡಿದಿಟ್ಟ ಅಂಟಿನಲ್ಲಿ, ಮತ್ತು ಬೆರೆಸಿದ್ದರೆ ಸತುವಿನ ಫಾಸ್ಫೇಟಿನಲ್ಲಿ. ಒಂದೇ ಡಬ್ಬಿಯಿಂದ ನೇರ ಬಳಿಯುವ ಪ್ರೈಮರುಗಳೆಲ್ಲ ಸ್ವಲ್ಪ ನೀರು ಹೀರುತ್ತವೆ. ಮೇಲೆ ಬಣ್ಣ ಕಾಣದೆ ಪ್ರೈಮರಿನಲ್ಲೇ ಒಂದು ಮಳೆಗಾಲ ಕಳೆದ ಗಾಡಿ ಅಪಾಯದಿಂದ ಪಾರಾಗಿರುವುದಿಲ್ಲ. ತಗ್ಗು ತುಂಬುವ ಪಟ್ಟಿಯ (ಪುಟ್ಟಿಯ) ಕತೆಯೂ ಇದೇ, ತುಕ್ಕಿನ ಮೇಲೆ ಪಟ್ಟಿ ತುಂಬಿದರೆ ಅದು ಸ್ಪಂಜಿನಂತೆ ಪಸೆ ಹಿಡಿದು ಕೂರುತ್ತದೆ.

ಖರ್ಚು ಮಾಡಲು ಸಿದ್ಧರಿದ್ದರೆ ನನ್ನ ಮತ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರಿಗೆ. ಒಂದರಲ್ಲಿ ಅಂಟು, ಇನ್ನೊಂದರಲ್ಲಿ ಹಾರ್ಡ್‌ನರ್. ಬೆರೆಸಿದ ಮೇಲೆ ಗಟ್ಟಿಯಾಗುವ ಪೊರೆ ನೀರನ್ನು ತಡೆಯುವುದರಲ್ಲಿ ಉಳಿದವಕ್ಕಿಂತ ಮುಂದು. ಇದಕ್ಕೆ ಚೆನ್ನಾಗಿ ಉಜ್ಜಿದ ಲೋಹ ಬೇಕು. ಕನ್ವರ್ಟರ್ ಅಥವಾ ಆಮ್ಲ ಹಚ್ಚಿದ ಜಾಗದ ಮೇಲೆ ಎಪಾಕ್ಸಿ ಬೇಡವೆನ್ನುವ ತಯಾರಕರೂ ಇದ್ದಾರೆ. ಆದ್ದರಿಂದ ಎರಡೂ ಡಬ್ಬಿಯ ಸೂಚನೆ ಓದಿ ಜೋಡಿ ಮಾಡಬೇಕು. ಸತು ತುಂಬಿದ ಸ್ಪ್ರೇ ಒಯ್ಯುವವರಿಗೆ ಒಂದೇ ಮಾತು: ಕಬ್ಬಿಣದ ಬದಲು ತಾನು ಸವೆಯುವುದು ಸತುವಿನ ಗುಣ, ಆದರೆ ಅದಕ್ಕೆ ಲೋಹವನ್ನು ನೇರ ಮುಟ್ಟಬೇಕು. ತುಕ್ಕಿನ ಮೇಲೆ ಹೊಡೆದ ಸತು ಬರೀ ಬೂದು ಬಣ್ಣ.

ಅಡಿಗೆ ಬಳಿಯುವ ಕರಿ ಆಯಿಲ್

ಮಳೆಗಾಲ ಬರುವ ಮುಂಚೆ ಗಾಡಿಯ ಅಡಿಗೆ ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲ್ ಹೊಡೆಸುವ ರೂಢಿ ಮಲೆನಾಡು, ಕೊಡಗು, ವಯನಾಡು ಎಲ್ಲ ಕಡೆ ಇದೆ. ಎಣ್ಣೆ ನೀರನ್ನು ತಡೆಯುತ್ತದೆ ಎಂಬ ತರ್ಕದಲ್ಲಿ ಹುರುಳಿದೆ. ಆದರೆ ಬಳಸಿದ ಎಂಜಿನ್ ಆಯಿಲ್‌ನಲ್ಲಿ ಉರಿದ ಇಂಧನದ ಆಮ್ಲ, ಲೋಹದ ಕಣ, ಚರ್ಮಕ್ಕೆ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳಿರುತ್ತವೆ. ರಬ್ಬರ್ ಬುಷ್ ಅದರಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಕಬ್ಬಿಣ ಎಷ್ಟು ಉಳಿಯಿತೋ, ಆ ಎಣ್ಣೆಯಂತೂ ಮೊದಲ ಮಳೆಗೇ ಚರಂಡಿ ಸೇರುತ್ತದೆ. ಪನಮರಂ ಹೊಳೆಯೂ ಮಾನಂದವಾಡಿ ಹೊಳೆಯೂ ಕೂಡಿಯೇ ನಮ್ಮ ಕಬಿನಿ. ಅಲ್ಲಿ ತೊಳೆದದ್ದು ಬೀಚನಹಳ್ಳಿಯ ಜಲಾಶಯಕ್ಕೆ ಇಳಿದು, ತಿರುಮಕೂಡಲಿನಲ್ಲಿ ಕಾವೇರಿ ಸೇರುತ್ತದೆ. ಈ ರೂಢಿ ನಿಲ್ಲಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ಬದಲಿಗೆ ಉಣ್ಣೆಯ ಜಿಡ್ಡಾದ ಲ್ಯಾನೊಲಿನ್ ಅಥವಾ ಮೇಣದ ಸ್ಪ್ರೇ ಸಿಗುತ್ತದೆ. ಸಂದಿಯೊಳಗೆ ಹರಿದು ಅಲ್ಲೇ ನಿಲ್ಲುತ್ತದೆ, ವರ್ಷಕ್ಕೊಮ್ಮೆ ಹೊಸದಾಗಿ ಹೊಡೆಯಬೇಕು. ಎಣ್ಣೆಯ ನಂಬಿಕೆ ನಮ್ಮ ಕರಾವಳಿಗೂ ಹಳೆಯದು, ಮರದ ದೋಣಿಗೆ ಮೀನೆಣ್ಣೆ ಬಳಿಯುತ್ತಿದ್ದರು. ಡೆಕ್ಕಿನ ಮೇಲೆ ಚೆಲ್ಲಿದ ಮೀನೆಣ್ಣೆ ತುಕ್ಕನ್ನು ತಡೆದದ್ದು ಕಂಡ ರಾಬರ್ಟ್ ಫರ್ಗ್ಯುಸನ್ ಎಂಬ ಹಡಗಿನ ಕಪ್ತಾನ 1921ರಲ್ಲಿ ರಸ್ಟ್-ಓಲಿಯಂ ಕಂಪನಿ ಕಟ್ಟಿದ. ಡಾಂಬರಿನಂಥ ದಪ್ಪ ಅಂಡರ್‌ಕೋಟ್ ಹೊಸ, ಶುಭ್ರ ಹಾಳೆಗೆ ಸರಿ. ಹಳೇ ಗಾಡಿಯ ತುಕ್ಕಿನ ಮೇಲೆ ಹೊಡೆದರೆ ಅದು ಬಿರುಕು ಬಿಟ್ಟ ದಿನ ನೀರು ಒಳಗೆ ಹೋಗಿ ಹೊರಬರಲಾಗದೆ ಕೂರುತ್ತದೆ. ಮೇಲೆ ಕಪ್ಪಗೆ ನುಣುಪಾಗಿ ಕಾಣುವುದರಿಂದ ಯಾರಿಗೂ ತಿಳಿಯುವುದೂ ಇಲ್ಲ.

ಫೆಬ್ರವರಿಯ ಮಧ್ಯಾಹ್ನ

ಡಬ್ಬಿಯ ಆಯ್ಕೆಗಿಂತ ವಯನಾಡಿನಲ್ಲಿ ದೊಡ್ಡ ಆಯ್ಕೆ ದಿನದ್ದು. ಲೋಹದ ಬಿಸಿ ಇಬ್ಬನಿ ಕಟ್ಟುವ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು, ಗಾಳಿಯ ತೇವ ಶೇ 85 ಮೀರಬಾರದು ಎಂಬುದು ಬಣ್ಣದ ಕೆಲಸದಲ್ಲಿ ಸಾಮಾನ್ಯವಾಗಿ ಪಾಲಿಸುವ ನಿಯಮ. ಜುಲೈನಲ್ಲಿ ಇದು ಆಗದ ಮಾತು. ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ, ಅದರಲ್ಲೂ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಕೆಲಸ ಮುಗಿಸುವುದು ಒಳ್ಳೆಯದು. ಸಂಜೆ ಹೊಡೆದ ಪ್ರೈಮರ್ ಒಣಗುವ ಮೊದಲೇ ಇಬ್ಬನಿ ಇಳಿಯುತ್ತದೆ. ಮಳೆಗಾಲದ ನಡುವೆ ಹೊಸ ಕಲೆ ಕಂಡರೆ ಒಣಗಿಸಿ, ಲ್ಯಾನೊಲಿನ್ ಬಳಿದು ಕಾಯಿರಿ. ಬಣ್ಣ ಬೇಸಿಗೆಗೆ.

15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ನವೀಕರಿಸಿದರೆ ಐದು ವರ್ಷದ ಅವಧಿ ಸಿಗುತ್ತದೆ, ಅದಕ್ಕೆ ಮೊದಲು ಗಾಡಿಯನ್ನು ತಪಾಸಣೆಗೆ ಒಡ್ಡಬೇಕು. ಹಳೇ ಗಾಡಿ ಇಟ್ಟುಕೊಂಡವರು ಆ ದಿನಾಂಕದ ಹಿಂದಿನ ಬೇಸಿಗೆಯನ್ನೇ ಈ ಕೆಲಸಕ್ಕೆ ಗೊತ್ತು ಮಾಡಿಕೊಂಡರೆ ಗಡಿಬಿಡಿಯಲ್ಲಿ ಪಟ್ಟಿ ಮೆತ್ತುವ ಪ್ರಸಂಗ ಬರುವುದಿಲ್ಲ.

ಚಿಕ್ಕಪ್ಪನ ಜೀಪಿನ ಬಾಗಿಲಿಗೆ ಕನ್ವರ್ಟರ್, ಅದರ ಮೇಲೆ ಅದಕ್ಕೆ ಹೊಂದುವ ಪ್ರೈಮರ್ ಎರಡು ಸಲ, ಆಮೇಲೆ ಬಣ್ಣ ಆಯಿತು. ಎಲ್ಲ ಮುಗಿದು ಬ್ರಷ್ ತೊಳೆಯುತ್ತಿದ್ದಾಗ ಚಿಕ್ಕಪ್ಪ ಹಿತ್ತಲಿನ ಕಡ್ಡಿಪೊರಕೆಯಿಂದ ಒಂದು ಕಡ್ಡಿ ಮುರಿದು ತಂದರು. ಬಾಗಿಲಿನ ಅಡಿಯಲ್ಲಿ ನೀರು ಇಳಿಯಲೆಂದು ಬಿಟ್ಟ ತೂತಿರುತ್ತದೆ, ಅದರೊಳಗೆ ಕಡ್ಡಿ ತೂರಿಸಿ ಮೆಲ್ಲಗೆ ತಿರುಗಿಸಿದರು. ಮೊದಲು ಒಂದು ಸಿಲ್ವರ್ ಓಕ್ ಎಲೆಯ ತುಣುಕು ಬಂತು. ಹಿಂದೆಯೇ ಕಪ್ಪು ಕೆಸರು. ಅದರ ಹಿಂದೆ, ಮಳೆ ನಿಂತು ಮೂರು ತಿಂಗಳಾಗಿದ್ದರೂ, ಅರ್ಧ ಲೋಟದಷ್ಟು ನೀರು.